ಮೊಳೆಗೆ ತೂಗುಹಾಕಿದ ಹದಿನೆಂಟು ಇಂಚು

ಬೆಳಗಿನ ಆರು ಗಂಟೆ. ಶಿರಸಿಯ ಹುಬ್ಬಳ್ಳಿ ರಸ್ತೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಸಣ್ಣ ಕಾರೊಂದು ನಿಂತಿದೆ. ಅದರ ಹಿಂಬದಿಗೆ ಹಾಸಿದ ಗೋಣಿಚೀಲದ ಮೇಲೆ ಒಬ್ಬರು ಮಂಡಿಯೂರಿ ಕುಳಿತಿದ್ದಾರೆ. ಕೈಯಲ್ಲಿ ನೀರಿನಲ್ಲಿ ನೆನೆದ ಅಡಿಕೆ ಹಾಳೆ, ನಾಲ್ಕು ಮಡಿಕೆ ಮಾಡಿದ್ದು. ಎಂಜಿನ್ ಓಡುತ್ತಿದೆ. ಹೊಗೆ ಹೊರಬರುವ ಕೊಳವೆಯ ಬಾಯಿಗೆ ಆ ಹಾಳೆಯನ್ನು ಒತ್ತಿ ಹಿಡಿದು, ಕತ್ತನ್ನು ಎಡಕ್ಕೆ ವಾಲಿಸಿ, ಅವರು ಕಾಯುತ್ತಾರೆ. ಡಿಸೆಂಬರಿನ ಮಂಜು ಇನ್ನೂ ರಸ್ತೆಯಿಂದ ಎದ್ದಿಲ್ಲ.

ಎಂಜಿನ್ ನಿಲ್ಲುವುದಿಲ್ಲ. ಒಂದೆರಡು ಸಲ ಕೆಮ್ಮಿ, ಮತ್ತೆ ಓಡುತ್ತದೆ.

“ಸಾಯವಲ್ದು,” ಎನ್ನುತ್ತಾರೆ, ಯಾರಿಗೂ ಹೇಳದ ಹಾಗೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. “ಬಾಯಿ ಮುಚ್ಚಿದ್ರ ಇದು ಸಾಯಬೇಕು ತಂಗೀ. ಸಾಯಲಿಲ್ಲಂದ್ರ ಹೊಗಿ ಬ್ಯಾರೆ ಎಲ್ಲೋ ಹಾದಿ ಮಾಡ್ಕೊಂಡೈತಿ ಅಂತ ತಿಳೀರಿ. ಎಂಜಿನ್ ಸಾಯಲಿಲ್ಲಂದ್ರ ಒಳಗ ಕುಂತಾವ್ರು ಸಾಯ್ತಾರ.”

ಇವರು ಚನ್ನಯ್ಯ. ವಯಸ್ಸು ಐವತ್ತೊಂದು. ಸಣ್ಣ ಕಾರುಗಳ ಹೊಗೆ ಕೊಳವೆ ಮತ್ತು ಅದರ ನಡುವೆ ಕೂರುವ ಸೈಲೆನ್ಸರ್ ಡಬ್ಬಿ ಮಾಡುವುದು, ಜೋಡಿಸುವುದು ಇವರ ಕೆಲಸ. ಬೇರೆ ಯಾವ ರಿಪೇರಿಯನ್ನೂ ಮುಟ್ಟುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಓಡಾಡುವ ಸಣ್ಣ ಕಾರುಗಳು ಅವರ ಎಣಿಕೆಯ ಪ್ರಕಾರ ನಲವತ್ತಾರು. ಅವುಗಳಲ್ಲಿ ಮೂವತ್ತೊಂದರ ಹೊಟ್ಟೆಯಡಿ ಇರುವುದು ಅವರ ಕೈಕೆಲಸ. ಕಾರು ಬಂದರೆ ನಾವು ಬಣ್ಣ ನೋಡುತ್ತೇವೆ, ಯಾರ ಮನೆಯದು ಎಂದು ಕೇಳುತ್ತೇವೆ. ಬಗ್ಗಿ ಅದರ ಅಡಿ ನೋಡಿದ್ದು ನನಗಂತೂ ನೆನಪಿಲ್ಲ.

ಕೇಳಬೇಕಾದ ಪ್ರಶ್ನೆಗಳನ್ನು ದಿನಚರಿಯ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ. ಎರಡು ದಿನ ರಸ್ತೆಯ ಆಚೆ ಬದಿಯಿಂದಲೇ ನೋಡಿ ಮನೆಗೆ ತಿರುಗಿದ್ದೆ. ಮೂರನೆಯ ದಿನ ಅವರೇ ಕೂಗಿ ಕರೆದರು. “ಬರ್ರಿ ತಂಗೀ, ಎರಡ ದಿನ ಆತು ನಾನೂ ನೋಡಾಕತ್ತೀನಿ. ಕಾರ್ ಕೆಟ್ಟೈತೇನು?” ನಮ್ಮಲ್ಲಿ ಕಾರಿಲ್ಲ ಎಂದೆ. “ಹಂಗಾರ ಛಲೋ ಆತು. ಕಾರಿದ್ದಾವ್ರು ಬಂದ್ರ ನಿಂತಲ್ಲೇ ಜಗಳಾ ತಗೀತಾರ. ನೀವು ಕುಂದರ್ರಿ,” ಎಂದು ಒಂದು ಖಾಲಿ ಡ್ರಮ್ಮನ್ನು ಬೋರಲು ಹಾಕಿದರು.

ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದವಳು ಎಂದಾಗ ಅವರ ನಗು ನಿಂತಿತು. ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಸುತ್ತಿಗೆ, ಇಕ್ಕಳ, ತಂತಿಯ ಸುರುಳಿಗಳಿಂದ ದೂರವಾಗಿ, ಒಂದೇ ಮೊಳೆಗೆ, ತುಕ್ಕು ಹಿಡಿದ ಕೊಳವೆಯ ತುಂಡೊಂದು ತೂಗುತ್ತಿತ್ತು.

“ಬರೀತೀರಂದ್ರ ಆ ತುಂಡಿನ ವಿಚಾರ ಬರೀಬೇಕು. ಅದನ್ನ ಬರಿಯೂದಿಲ್ಲಂದ್ರ ಉಳಿದದ್ದೂ ಬ್ಯಾಡ. ಒಬ್ಬ ಹೆಣ್ಣಮಗಳ ಮ್ಯಾಲೆ ಆರು ವರ್ಷದಿಂದ ಒಂದ ಅಪವಾದ ಐತಿ. ಕೂಸಿನ ಮ್ಯಾಲೆ ಬಿದ್ದು ಉಸಿರುಗಟ್ಟಿಸಿದ್ಲು ಅಂತ. ಅದು ಆಕೀದಲ್ಲ, ನಂದು. ಅದನ್ನ ಆಕೀ ಮ್ಯಾಲಿಂದ ತಗದು ನನ್ನ ಮ್ಯಾಲೆ ಹಾಕಬೇಕು. ಅಷ್ಟ ಆದ್ರ ಏನ್ ಬೇಕಾದ್ದ ಕೇಳ್ರಿ.”

ಇವತ್ತು ಬೆಳಿಗ್ಗೆ ನಾನು ಬಂದಿರುವುದು ಆ ಮಾತಿಗೆ ಒಪ್ಪಿ.

ಹಾಳೆಯ ಪರೀಕ್ಷೆಯಲ್ಲಿ ಸೋತ ಕಾರು ಟ್ಯಾಕ್ಸಿ ಓಡಿಸುವ ಶಿವಲಿಂಗಪ್ಪನದು. ಯಲ್ಲಾಪುರದ ಹಾದಿಯ ಕಲ್ಲಿಗೆ ಬಡಿದು ಕೊಳವೆಯ ಹಿಂಭಾಗ ಜೋತಿದೆ, ಡಬ್ಬಿಯ ಬೆಸುಗೆ ಬಿಟ್ಟಿದೆ. ಉಣ್ಣೆಯ ಟೋಪಿ ಕಿವಿಯ ತನಕ ಎಳೆದುಕೊಂಡು ಅವನು ಪಕ್ಕದಲ್ಲಿ ನಿಂತಿದ್ದಾನೆ.

“ಏ ಚನ್ನಯ್ಯಾ, ನಿನ್ನ ಪುರಾಣ ಸಾಕೋ ಮಾರಾಯಾ. ಜೋತಬಿದ್ದದ್ದನ್ನ ಒಂದ ಗರಗಸ ಹಾಕಿ ಕೊಯ್ದ ಬಿಡು. ಒಂಬತ್ತಕ್ಕ ದವಾಖಾನಿ ಮುಂದಿರಬೇಕು. ಬಾಣಂತೀನ ಯಲ್ಲಾಪುರಕ್ಕ ಮುಟ್ಟಸೋದೈತಿ.”

ಚನ್ನಯ್ಯನವರ ಕೈ ನಿಲ್ಲುತ್ತದೆ. “ಯಾರನ್ನ?”

“ಬಾಣಂತೀನ. ಹದಿನೈದ ದಿನದ ಕೂಸು.”

“ಮಧ್ಯಾಹ್ನಕ್ಕ ಕೊಡ್ತೀನಿ. ಪೈಪಿಗೆ ಹೊಸಾ ಬಾಲಾನ ಹಾಕಬೇಕು, ಹಿಂದಿನ ಬಂಪರ್ ದಾಟಿ ಮೂರ ಬೆರಳ ಹೊರಗ ಬರೂಹಂಗ.”

“ಕಾರಿಗೆ ಬಾಲ ಯಾಕಲೇ? ನೊಣಾ ಹೊಡಕೊಳ್ಳಾಕೇನು?”

ಪಕ್ಕದ ಚಹಾದಂಗಡಿಯಿಂದ ನೋಡುತ್ತಿದ್ದವರು ನಗುತ್ತಾರೆ. ಚನ್ನಯ್ಯನವರೂ ಸ್ವಲ್ಪ ನಗುತ್ತಾರೆ. ಆದರೆ ಗರಗಸ ಎತ್ತುವುದಿಲ್ಲ. ಶಿವಲಿಂಗಪ್ಪ ಇನ್ನೊಂದು ಮಾತು ತೆಗೆಯುತ್ತಾನೆ. “ಹಂಗಾರ ಒಂದ ಮಾಡು, ಎರಡ ಇಂಚಿಂದು ಹಾಕು. ದೊಡ್ಡ ಪೈಪ್ ಹಾಕಿದ್ರ ಏರು ಕುದುರಿ ಹಂಗ ಹತ್ತತೈತಂತ, ಹುಬ್ಬಳ್ಳಿಯಾಗ ಹೇಳಿದ್ರು.”

ಚನ್ನಯ್ಯನವರು ಗೂಡಿನಿಂದ ಬೀಟೆ ಮರದ ಮೂರು ಬೆಣೆಗಳನ್ನು ತೆಗೆಯುತ್ತಾರೆ. ಒಂದಕ್ಕಿಂತ ಒಂದು ದಪ್ಪ. ಒಂದೂಕಾಲು ಇಂಚು, ಒಂದೂವರೆ, ಒಂದೂಮುಕ್ಕಾಲು. ಎಂಜಿನ್ನಿನಿಂದ ಹೊಗೆ ಹೊರಬೀಳುವ ರಂಧ್ರಕ್ಕೆ ಈ ಬೆಣೆ ತೂರಿಸಿ ಯಾವುದು ಬಿಗಿಯಾಗಿ ಕೂರುತ್ತದೆ ಎಂದು ನೋಡುತ್ತಾರೆ. ಕೊಳವೆ ಆ ಅಳತೆಗಿಂತ ಕಿರಿದಾಗಬಾರದು, ಬಹಳ ಹಿರಿದೂ ಆಗಬಾರದು. “ಕಿರಿದಾದ್ರ ಎಂಜಿನ್ ಉಸಿರ ಬಿಡಾಕ ಒದ್ದಾಡತೈತಿ, ಕಾಯತೈತಿ, ಏರಿನ್ಯಾಗ ನಿಂತ ಬಿಡತೈತಿ. ಹಿರಿದಾದ್ರ ಹೊಗೀಗೆ ಓಟ ಇರೂದಿಲ್ಲ. ನಡುಹಾದ್ಯಾಗ ತಣ್ಣಗಾಗಿ ನೀರಾಗತೈತಿ, ಒಳಗಿಂದ್ಲೇ ತುಕ್ಕ ತಿಂತೈತಿ. ಸಪ್ಪಳ ಜೋರಾತಂದ್ರ ಕಸುವು ಬಂತು ಅಂತ ತಿಳೀತಾರ. ಎಳಿಯೂ ಶಕ್ತಿ ಕಮ್ಮೀನ ಆಗಿರತೈತಿ. ನಿನ್ನ ಎಂಜಿನ್ನಿಗೆ ಒಂದೂವರಿ ಸಾಕು ಶಿವಲಿಂಗಪ್ಪಾ.”

“ನಿನಗ ಇಂಚ ಹಿಡಕೊಂಡ ಕುಂದರೋದ ಸಾಕು. ನನಗ ಬಾಡಿಗಿ ಹೋಗತೈತಿ.” ಅವನು ಜೋತ ಭಾಗವನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಬಾಗಿಲು ಬಡಿದು, ಹೊರಡುತ್ತಾನೆ. ಹೋಗುವ ಮೊದಲು ಕಿಟಕಿಯಿಂದ ತಲೆ ಹಾಕಿ ಹೇಳುತ್ತಾನೆ. “ಬಸ್ ಸ್ಟ್ಯಾಂಡ್ ಹತ್ರ ಹೊಸಾ ವರ್ಕಶಾಪ್ ಆಗೇತಿ. ಅಲ್ಲಿ ಕೇಳಿದ್ದ ಮಾಡಿಕೊಡ್ತಾರ.”

ಕಾರಿನ ಸದ್ದು ದೂರವಾದ ಮೇಲೆ ಚನ್ನಯ್ಯನವರು ಬೆಣೆಗಳನ್ನು ಒಂದೊಂದಾಗಿ ಒರೆಸಿ ಗೂಡಿಗೆ ಇಡುತ್ತಾರೆ.

ಅವರು ಬನವಾಸಿ ಕಡೆಯವರು. ತಂದೆ ಚಕ್ಕಡಿಯಲ್ಲಿ ಬೆಲ್ಲ, ಮೆಣಸಿನಕಾಯಿ ತುಂಬಿಕೊಂಡು ಶಿರಸಿಯ ಪೇಟೆಗೆ ಬರುತ್ತಿದ್ದರು. ಮಹಾಯುದ್ಧದ ಕಾಲದಲ್ಲಿ ಚನ್ನಯ್ಯ ಹುಬ್ಬಳ್ಳಿಗೆ ಹೋಗಿ ಒಂದು ಮೋಟಾರು ಕಾರಖಾನೆ ಸೇರಿದರು. ಆಗ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಆ ಪೀಪಾಯಿಗಳನ್ನು ಬಡಿದು ಬಡಿದು ಇವರು ತಗಡಿನ ಕೆಲಸ ಕಲಿತರು. ಬಲಗಿವಿ ಆಗಲೇ ಅರ್ಧ ಹೋಯಿತು. ಕತ್ತು ವಾಲಿಸಿ ಕೇಳುವ ಅಭ್ಯಾಸ ಅಲ್ಲಿಯದು.

ಕಲಿತದ್ದು ಇನ್ನೂ ಒಂದಿದೆ. ಒಂದು ಮಧ್ಯಾಹ್ನ ಜೋರು ಮಳೆ ಬಂದು ಶೆಡ್ಡಿನ ಬಾಗಿಲು ಹಾಕಿದ್ದರಂತೆ. ಜೊತೆಗಾರ ಕೆರಿಯಪ್ಪ ಉರಿಯುವ ಪೀಪಾಯಿಯ ಪಕ್ಕ ಬೆಚ್ಚಗಿದೆಯೆಂದು ಒರಗಿದ. ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲ. “ಮಾರಿ ಕೆಂಪಗಿತ್ತು ತಂಗೀ. ಜ್ವರಾ ಏರಿದಾವ್ರದು ಇರತೈತಲ್ಲ, ಹಂಗ. ಆ ಗ್ಯಾಸಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಗ್ವಾಡಿ ಮ್ಯಾಲಿನ ಆ ತುಂಡ ಕೊಯ್ಯೂವಾಗ ನನಗ ಅದು ಗೊತ್ತಿತ್ತು. ಗೊತ್ತಿಲ್ಲದ ಮಾಡಿದ್ರ ಪಾಪ ಕಮ್ಮಿ ಇರತಿತ್ತು.”

ದಿನ ಆರಕ್ಕೆ ಶುರು, ಸಂಜೆ ಬೆಳಕು ಇರುವ ತನಕ ಕೆಲಸ. ಒಂದು ಡಬ್ಬಿ ಮಾಡಲು ಒಂದೂವರೆ ದಿನ. ಹಳೆಯ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ಸುತ್ತುತ್ತಾರೆ. ನಡುವೆ ಸಾವಿರ ತೂತಿನ ಒಳಕೊಳವೆ. ತೂತುಗಳನ್ನು ಉಳಿಯಿಂದ ಒಂದೊಂದಾಗಿ ಹೊಡೆಯುತ್ತಾರೆ. ಸುತ್ತ ತುಂಬುವುದು ಕಬ್ಬಿಣ ಕಡೆದಾಗ ಉದುರುವ ಸುರುಳಿ ಹೊಟ್ಟು. ಒಂದು ಕಾಲಕ್ಕೆ ತೆಂಗಿನ ನಾರು ತುಂಬಿ ನೋಡಿದ್ದರಂತೆ. “ಸುದ್ದಿ ಕೇಳಬ್ಯಾಡ್ರಿ. ಭೈರುಂಬಿ ತನಕ ಹೋಗೂದ್ರಾಗ ಕಾರಿನ ಹಿಂದ ಹೋಮಾ ಸುರು ಆಗಿತ್ತು.” ಡಬ್ಬಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಅವರ ಅಳತೆ ಅಕ್ಕಿ ಅಳೆಯುವ ಸೇರು. ಎಂಜಿನ್ನಿನ ಒಳಗಾತ್ರ ಒಂದು ಸೇರಿನದಾದರೆ ಡಬ್ಬಿ ಐದು ಸೇರು ನೀರು ಹಿಡಿಯಬೇಕು. ತುಂಬಿಸಿ, ಅಳೆದು, ಸುರಿದು, ಬಿಸಿಲಿಗೆ ಒಣಗಿಸಿ ಆಮೇಲೆ ಬೆಸುಗೆ. ಕಾರ್ಬೈಡ್ ಗ್ಯಾಸಿನ ಬೆಸುಗೆಯ ಕಿಡಿ ಸಿಡಿದು ಮುಂಗೈ ತುಂಬ ಹುಣ್ಣಿನ ಕಲೆ. ಕೆಮ್ಮು ಬೆಳಿಗ್ಗೆ ಬಂದರೆ ಬೇಗ ಬಿಡುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಏಳುನೂರಕ್ಕೆ ಮೇಲ್ಪಟ್ಟು ಕೊಳವೆ ಹಾಕಿದ್ದೇನೆ ಎನ್ನುತ್ತಾರೆ.

“ಏಳುನೂರರಾಗ ಒಂದನ್ನ ಮಾತ್ರ ಕೊಯ್ದೆ,” ಎಂದು ಮೊಳೆಯ ಕಡೆ ನೋಡುತ್ತಾರೆ.

ಅವರ ಹೆಂಡತಿ ಗೌರಕ್ಕ ಚಹಾ ತಂದಿಟ್ಟು ಅಲ್ಲೇ ನಿಲ್ಲುತ್ತಾರೆ. “ಎಷ್ಟ ಸಲ ಹೇಳೀನಿ, ಅದನ್ನ ಗುಜರಿಗೆ ಹಾಕ್ರಿ ಅಂತ. ದೇವರ ಫೋಟೋ ಹಂಗ ದಿನಾ ಅದರ ಮಾರಿ ನೋಡಿನ ಕೆಲಸಾ ಸುರು.” ಚನ್ನಯ್ಯನವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಆರು ವರ್ಷದ ಹಿಂದಿನದನ್ನು ಹೇಳುತ್ತಾರೆ.

ಸಾವಿರದ ಒಂಬೈನೂರ ಐವತ್ತೆಂಟು. ಸಿದ್ದಾಪುರ ತಾಲೂಕಿನ ಮನ್ಮನೆಯ ನಾಗಪತಿ ಹೆಗಡೆಯವರು ಒಂದು ಹಳೆಯ ಪುಟ್ಟ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಸಿದ್ದಾಪುರದ ರಸ್ತೆಯ ಕಲ್ಲು ಬಡಿದು ಒಂದೇ ವರ್ಷದಲ್ಲಿ ಮೂರು ಸಲ ಕೊಳವೆಯ ಹಿಂಭಾಗ ಕಿತ್ತುಬಂತು. ಮೂರನೆಯ ಸಲ ನಾಗಪತಿ, ಹಿಂದಿನ ಅಚ್ಚಿನ ತನಕ ಕೊಯ್ದುಬಿಡು, ಬಡಿಯುವುದಕ್ಕೆ ಏನೂ ಇರಬಾರದು ಎಂದರು. ಚನ್ನಯ್ಯನವರು ಹದಿನೆಂಟು ಇಂಚು ಕೊಯ್ದರು. ಕೊಳವೆಯ ಬಾಯಿ ಕಾರಿನಿಂದ ಹೊರಗೆ ಬರದೆ, ಸರಿಯಾಗಿ ಹಿಂದಿನ ಸೀಟಿನ ಕೆಳಗೆ ಉಳಿಯಿತು. ಬೇಸಿಗೆ. ಎಲ್ಲರೂ ಕಿಟಕಿ ತೆರೆದೇ ಓಡಾಡುತ್ತಿದ್ದರು. ಏನೂ ಆಗಲಿಲ್ಲ.

ಡಿಸೆಂಬರಿನಲ್ಲಿ ನಾಗಪತಿಯ ತಂಗಿ ದೇವಕಿ ಶಿರಸಿಯ ಆಸ್ಪತ್ರೆಯಲ್ಲಿ ಹೆತ್ತಳು. ಮೊದಲ ಹೆರಿಗೆ, ಹೆಣ್ಣು ಮಗು. ಹತ್ತನೆಯ ದಿನ ಅಣ್ಣ ತಮ್ಮ ಕಾರಿನಲ್ಲೇ ತವರಿಗೆ ಕರೆದೊಯ್ದರು. ಬಾಣಂತಿಗೆ ಗಾಳಿ ಸೋಕಬಾರದು. ನಮ್ಮ ಯಾವ ಮನೆಯಲ್ಲೂ ಸೋಕಿಸುವುದಿಲ್ಲ. ಗಾಜುಗಳನ್ನು ಮೇಲೆತ್ತಿ, ಸಂದಿಗೆಲ್ಲ ಹಳೆಯ ಸೀರೆಯ ಚೂರು ತುರುಕಿ, ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಕಂಬಳಿ ಕಟ್ಟಿದರು. ನಾಗಪತಿ ಕೈ ಹೊರಗೆ ಚಾಚಿ ಸನ್ನೆ ಮಾಡಬೇಕಾದ್ದರಿಂದ ಅವರ ಪಕ್ಕದ ಗಾಜು ಮಾತ್ರ ಇಳಿದಿತ್ತು. ಮನ್ಮನೆ ತಲುಪಿ ಕಂಬಳಿ ಸರಿಸಿದಾಗ ದೇವಕಿ ಒಂದು ಬದಿಗೆ ವಾಲಿ ಎಚ್ಚರ ತಪ್ಪಿದ್ದಳು. ಮಗು ಅವಳ ತೋಳಿನ ಕೆಳಗಿತ್ತು. ತಾಯಿಗೆ ಸಂಜೆಯ ಹೊತ್ತಿಗೆ ಎಚ್ಚರವಾಯಿತು.

ನಿದ್ದೆಯಲ್ಲಿ ಮಗುವಿನ ಮೇಲೆ ಬಿದ್ದಳು ಎಂದರು. ಮೊದಲು ಯಾರು ಅಂದರೋ ಗೊತ್ತಿಲ್ಲ. ಎಲ್ಲರೂ ಅಂದರು. ಗಂಡನ ಮನೆಯವರು ಕರೆಯಲು ಬರಲಿಲ್ಲ.

ಮೂರನೆಯ ದಿನ ಬೇರೆ ಯಾವುದೋ ಕೆಲಸಕ್ಕೆ ಅದೇ ಕಾರಿನಲ್ಲಿ ಶಿರಸಿಗೆ ಬಂದ ನಾಗಪತಿ, ಮಗುವಿನ ಮುಖ ಮಾತ್ರ ಕೆಂಪಗೆ ಇತ್ತು, ಸತ್ತ ಹಾಗೇ ಇರಲಿಲ್ಲ ಎಂದರಂತೆ. ಚನ್ನಯ್ಯನವರ ಕೈಯಿಂದ ಸುತ್ತಿಗೆ ಬಿತ್ತು. “ಉಸಿರುಗಟ್ಟಿದ ಕೂಸು ನೀಲಿ ಆಗತೈತಿ. ಕೆಂಪಗ ಇರೂದಿಲ್ಲ. ನಾ ಅಲ್ಲೇ, ಆಗಲೇ ಕಾರಿನ ಅಡಿ ಹೊಕ್ಕೆ. ಸೀಟಿನ ಕೆಳಗ ತಗಡು ಕೊಳತು ಕೈ ಹೋಗೂವಷ್ಟ ತೂತ. ಕೆಳಗ ನಾ ಕೊಯ್ದ ಬಾಯಿ. ಎಲ್ಲಾ ಮುಚ್ಚಿದ ಕಾರು ಓಡುವಾಗ ಹಿಂದಿಂದ ಹೊಗಿ ಒಳಕ್ಕ ಜಗ್ಗತೈತಿ ತಂಗೀ. ಅದೂ ನನಗ ಗೊತ್ತಿತ್ತು. ನಾ ಕಲ್ಲಿನ ವಿಚಾರ ಮಾಡಿದೆ. ಬಾಣಂತಿ ಗಾಳೀದು ವಿಚಾರ ಮಾಡಲಿಲ್ಲ.”

ಅವರು ನಾಗಪತಿಗೆ ಆಗಲೇ ಎಲ್ಲ ಹೇಳಿದರು. ನಾಗಪತಿ ಕೈ ಮುಗಿದು, ಹೊರಗೆ ಹೇಳಬೇಡ ಎಂದರು. ಹೇಳಿದರೆ ತಮ್ಮ ಕಾರಿಗೆ ಯಾರೂ ಹತ್ತುವುದಿಲ್ಲ ಎಂದರು. ಚನ್ನಯ್ಯನವರು ಒಪ್ಪಿದರು. ನಾಲ್ಕು ತಿಂಗಳಲ್ಲಿ ನಾಗಪತಿ ಕಾರು ಮಾರಿಯೇಬಿಟ್ಟರು. ಮಾತು ಮಾತ್ರ ಉಳಿಯಿತು. “ಕೊಯ್ದದ್ದು ಒಂದ ತಪ್ಪು. ಸುಮ್ಮನ ಇದ್ದದ್ದು ಅದಕ್ಕಿಂತ ದೊಡ್ಡದು. ಹದಿನೆಂಟ ಇಂಚಿಗೆ ಅರ್ಧಾ ತಾಸು ಹಿಡೀತು. ಇದಕ್ಕ ಆರ ವರ್ಷ.”

ಅಷ್ಟು ಹೇಳಿ ಅವರು ಎದ್ದುನಿಲ್ಲುತ್ತಾರೆ. ತುಂಡನ್ನು ಮೊಳೆಯಿಂದ ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡು, ನೆನೆದ ಹಾಳೆ ಹಿಡಿದು, ರಸ್ತೆಗೆ ಇಳಿಯುತ್ತಾರೆ. ಎಂಟೂಮುಕ್ಕಾಲು. ಎಲ್ಲಿಗೆ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ನಾನು ಹಿಂದೆ ನಡೆಯುತ್ತೇನೆ.

ಆಸ್ಪತ್ರೆಯ ಗೇಟಿನಲ್ಲಿ ಶಿವಲಿಂಗಪ್ಪನ ಕಾರು ಎಂಜಿನ್ ಬಂದ್ ಮಾಡದೆ ನಿಂತಿದೆ. ಕೊಳವೆಯ ಹಿಂಭಾಗ ಈಗ ಇಲ್ಲ, ಕೊಯ್ಸಿಕೊಂಡು ಬಂದಿದ್ದಾನೆ. ಗೇಟಿನ ಕಂಬದ ಮರೆಯಿಂದ ನನಗೆ ಕಾಣುವುದಿಷ್ಟು: ತಲೆಗೆ ಸೆರಗು ಸುತ್ತಿಕೊಂಡ ಬಾಣಂತಿ ಸೀತಾ ಮಗುವಿನೊಂದಿಗೆ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಳೆ. ಅವಳ ತಾಯಿ ಸಾವಿತ್ರವ್ವ ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಿದ್ದಾರೆ, ಬೆರಳ ತುದಿಯಿಂದ ಒತ್ತಿ ಒತ್ತಿ, ಬಹಳ ಅಕ್ಕರೆಯಿಂದ.

ಚನ್ನಯ್ಯನವರು ಕಾರಿನ ಅಡಿಗೆ ತೆವಳುತ್ತಾರೆ. ಹಾಳೆ ಒತ್ತುತ್ತಾರೆ. ಎಂಜಿನ್ ಓಡುತ್ತಲೇ ಇದೆ. ಶಿವಲಿಂಗಪ್ಪ ಅವರ ಕಾಲು ಹಿಡಿದು ಹೊರಗೆ ಎಳೆಯುತ್ತಾನೆ. “ಹುಚ್ಚ ಹಿಡದೈತೇನೋ ನಿನಗ! ನನ್ನ ಗಿರಾಕಿ ಮುಂದ ನಾಟಕಾ ಮಾಡ್ತೀ?”

“ಅವ್ವಾ,” ಎಂದು ಚನ್ನಯ್ಯನವರು ನೆಲದ ಮೇಲೆ ಕುಳಿತೇ ಸಾವಿತ್ರವ್ವನವರನ್ನು ಕರೆಯುತ್ತಾರೆ. “ಒಂದ ಊದಬತ್ತಿ ಇದ್ರ ಕೊಡ್ರಿ. ನೀವು ಒಳಗ ಕುಂದರ್ರಿ. ಬಾಗಲಾ ಹಾಕ್ಕೊಳ್ರಿ.”

ದೇವರಿಗೆಂದು ಗಂಟಿನಲ್ಲಿ ಇಟ್ಟಿದ್ದ ಊದುಬತ್ತಿ ಹೊರಬರುತ್ತದೆ. ಚನ್ನಯ್ಯನವರು ಅದನ್ನು ಹೊತ್ತಿಸಿ ಕಾರಿನ ಅಡಿಯಲ್ಲಿ, ಕೊಯ್ದ ಕೊಳವೆಯ ಬಾಯಿಯ ಪಕ್ಕ ಹಿಡಿಯುತ್ತಾರೆ. ಎರಡು ನಿಮಿಷ ಆಗಿರಬೇಕು. ಒಳಗಿನಿಂದ ಗಾಜಿನ ಮೇಲೆ ಬಡಿತ. ಸಾವಿತ್ರವ್ವ ಬಾಗಿಲು ತೆರೆಯುತ್ತಾರೆ.

“ಎಂತ ಮಾರಾಯ್ರೇ ಇದು? ಎಲ್ಲ ಮುಚ್ಚಿದ್ದೇನೆ, ಒಳಗೆ ಊದ್ಬತ್ತಿ ವಾಸನೆ ಬರ್ತದಲ್ಲ?”

“ಇದಕ್ಕ ವಾಸನಿ ಐತಿ, ಗೊತ್ತಾತು. ಇದರ ಸಂಗಾಟ ಬರೋದಕ್ಕ ವಾಸನಿ ಇಲ್ಲವ್ವಾ. ಯಲ್ಲಾಪುರ ಮುಟ್ಟೂದ್ರಾಗ ಕೂಸು...” ಮಾತು ಮುಗಿಸದೆ ಅವರು ತುಂಡನ್ನು ಎತ್ತಿ ಹಿಡಿಯುತ್ತಾರೆ. “ಹಿಂದ ನಾ ಹಿಂಗ ಒಂದ ಕಾರಿಂದು ಕೊಯ್ದೆ. ಹತ್ತ ದಿನದ ಕೂಸು ಹೋತು. ತಾಯಿ ತಪ್ಪು ಅಂದ್ರು. ತಾಯಿದಲ್ಲ, ನಂದು. ಇದನ್ನ ಹೇಳಾಕ ಬಂದೆ.”

ಗೇಟಿನಲ್ಲಿ ಇಪ್ಪತ್ತು ಮಂದಿ ಸೇರಿದ್ದಾರೆ. ಸಾವಿತ್ರವ್ವ ಮೊದಲು ಮಗುವನ್ನು ಎತ್ತಿಕೊಳ್ಳುತ್ತಾರೆ, ಆಮೇಲೆ ಮಗಳ ಕೈ ಹಿಡಿಯುತ್ತಾರೆ. “ಇಳಿ ಸೀತಾ. ಇಳಿ ಅಂದೆ.” ಬೇರೆ ಕಾರು ಬರುವ ತನಕ ಅವರು ಆಸ್ಪತ್ರೆಯ ಜಗಲಿಯಲ್ಲೇ ಕೂರುತ್ತಾರೆ.

“ಆತಲ್ಲ?” ಎನ್ನುತ್ತಾನೆ ಶಿವಲಿಂಗಪ್ಪ, ಚನ್ನಯ್ಯನವರ ಮುಖದ ಹತ್ತಿರ ಬಂದು. “ನನ್ನ ಬಾಡಿಗೀನೂ ಕಳದಿ. ಕೂಸ ಕೊಂದಾಂವ ಅಂತ ಊರ ತುಂಬ ಹೆಸರೂ ತಗೊಂಡಿ. ಈಗ ಸಮಾಧಾನ ಆತೇನು?”

“ಇನ್ನೂ ಇಲ್ಲ,” ಎನ್ನುತ್ತಾರೆ ಚನ್ನಯ್ಯ.

ಬರೆಯಬಹುದೇ ಎಂದು ದೇವಕಿಯನ್ನು ಕೇಳಲು ಮನ್ಮನೆಗೆ ಹೊರಟಾಗ ಅವರು ನನ್ನ ಜೊತೆ ಬರಲು ಒಪ್ಪಲಿಲ್ಲ. “ನನ್ನ ಮಾರಿ ನೋಡಿದ್ರ ಆಕೀಗೆ ಬ್ಯಾಡ ಅನ್ನಾಕ ಆಗಲಿಕ್ಕಿಲ್ಲ. ಪೇಪರಿನ್ಯಾಗ ಬರೂದು ಬ್ಯಾಡ ಅಂದ್ರ ಬಿಟ್ಟ ಬಿಡ್ರಿ.” ತುಂಡನ್ನು ಗೋಣಿಯಲ್ಲಿ ಸುತ್ತಿ ಕೊಟ್ಟರು. ಸಿದ್ದಾಪುರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅದು ಅಷ್ಟೇನೂ ಭಾರವಿಲ್ಲ.

ನಾಗಪತಿ ಹೆಗಡೆಯವರು ಈಗ ಸೊಸೈಟಿಯಲ್ಲಿ ಅಡಿಕೆ ತೂಗುತ್ತಾರೆ. ಆ ದಿನ ಮನೆಯಲ್ಲೇ ಇದ್ದರು. ಬಂದ ಕಾರಣವನ್ನು ನಾನು ಅರ್ಧ ಹೇಳುವಷ್ಟರಲ್ಲಿ ಗೋಣಿಯಿಂದ ಹೊರಗೆ ಚಾಚಿದ ತುಕ್ಕಿನ ಅಂಚು ಕಂಡರು. ಪಕ್ಕದ ಕಂಬ ಹಿಡಿದುಕೊಂಡರು. ಆಮೇಲೆ ಅವರೇ ಒಳಗೆ ಕೂಗಿದರು. “ದೇವಕೀ, ಬಾ ಇಲ್ಲಿ.”

ಅವಳಿಗೆ ಇಪ್ಪತ್ತಾರು. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ‘ನಾನು’, ‘ನನಗೆ’ ಎಂಬುದಕ್ಕೆ ‘ಆನು’, ‘ಎಂಗೆ’ ಎನ್ನುವ ಹವ್ಯಕರ ಮನೆಮಾತಿನಲ್ಲಿ ನಾಗಪತಿ ನೆಲ ನೋಡಿಕೊಂಡೇ ಹೇಳಿದರು. “ಕೂಸಿನ ಮೇಲೆ ನೀನು ಬಿದ್ದಿದ್ದಲ್ಲ. ಕಾರಿನ ಹೊಗೆ ಒಳಗೆ ಬಂದಿತ್ತು. ಪೈಪು ಕತ್ತರಿಸು ಹೇಳಿದ್ದು ಆನು. ಚನ್ನಯ್ಯ ಮೂರನೇ ದಿನವೇ ಎಂಗೆ ಹೇಳಿದ್ದ. ಹೊರಗೆ ಹೇಳಡ ಹೇಳಿ ಕೈ ಮುಗಿದಿದ್ದೂ ಆನೇ.”

ಅವಳು ಅಳಲಿಲ್ಲ. ಅಣ್ಣನ ಕಡೆ ನೋಡಲೂ ಇಲ್ಲ. ನನ್ನ ಹತ್ತಿರ ಕೇಳಿದಳು, “ಎಂತ ಅದು, ಗೋಣಿಯಲ್ಲಿ?”

ಬಿಚ್ಚಿ ಕೊಟ್ಟೆ. ಅವಳು ಕೆಳಗೆ ಕುಳಿತು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂದು ತುದಿಗೆ ಮೊಣಕೈ ಇಟ್ಟು, ಅದರುದ್ದಕ್ಕೂ ಮುಂಗೈ ಚಾಚಿದಳು. ಇನ್ನೊಂದು ತುದಿಗೆ ನಡುಬೆರಳು ಸರಿಯಾಗಿ ತಾಗಿತು. ಒಂದು ಮೊಳ.

“ಕೂಸೂ ಇಷ್ಟೇ ಇತ್ತು,” ಎಂದಳು.

ನಾಗಪತಿ ಎದ್ದು ಹೊರಗೆ ಹೋದರು. ದೇವಕಿ ಮೆಲ್ಲಗೆ ಮಾತಾಡಿದಳು, ಎಲ್ಲೋ ನಿಂತುಹೋದದ್ದನ್ನು ಮುಂದುವರಿಸುವ ಹಾಗೆ. “ಎಂಗೆ ಎಂತೂ ನೆನಪಿಲ್ಲೆ. ತಲೆ ಭಾರ ಆತು, ಮತ್ತೆ ಎಂತೂ ಇಲ್ಲೆ. ಎಲ್ಲರೂ ಹೇಳಿದ ಮೇಲೆ ಹೌದಾಗಿಕ್ಕು ಹೇಳೇ ತಿಳ್ಕಂಡಿದ್ದಿ. ಆರು ವರ್ಷ ಆತು, ಆನು ಮಗ್ಗಲು ತಿರುಗಿ ಮಲಗಿದ್ದಿಲ್ಲೆ.”

ಬರೆಯಬಹುದೇ ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು. “ಬರಿ. ಎನ್ನ ಹೆಸರು ಹಾಕು. ಅಣ್ಣನ ಹೆಸರೂ ಹಾಕು. ಕೂಸಿಗೆ ಹೆಸರು ಇಟ್ಟಿದ್ದಿಲ್ಲೆ. ಎರಡು ದಿನ ಬಿಟ್ಟು ಇಡವು ಹೇಳಿ ಇತ್ತು.” ಹೊರಡುವಾಗ ಗೋಣಿಯನ್ನು ಮಾತ್ರ ಮಡಚಿ ಕೊಟ್ಟಳು. “ಇದು ಇಲ್ಲೇ ಇರ್ಲಿ.”

ಅದಾಗಿ ಎಂಟು ದಿನ. ಬೆಳಗಿನ ಆರು ಗಂಟೆಗೆ ತಗಡಿನ ಮಾಡಿನ ಕೆಳಗೆ ಮತ್ತೆ ಶಿವಲಿಂಗಪ್ಪನ ಕಾರು. ಇವರ ಹತ್ತಿರ ಖಾಯಂ ಬರುತ್ತಿದ್ದ ನಾಲ್ಕು ಕಾರು ಈ ವಾರ ಬೇರೆ ಕಡೆ ಹೋಗಿವೆ. “ಕೂಸ ಕೊಂದಾಂವನ ಕೈಯಾಗ ಕೊಡೂದಿಲ್ಲ ಅಂದ್ರಂತ,” ಎಂದು ಗೌರಕ್ಕ ನನಗೆ ಪಿಸುಗುಟ್ಟುತ್ತಾರೆ. ಶಿವಲಿಂಗಪ್ಪನ ಗೋಳು ಬೇರೆ. “ಹೆಂಗಸರು ಹತ್ತೂವಾಗ ಕೈಯಾಗ ಊದಬತ್ತಿ ಹಿಡಕೊಂಡ ಬರ್ತಾರ್ರಿ! ಇದೇನ್ ಟ್ಯಾಕ್ಸಿಯೋ ಗುಡಿಯೋ? ಹಾಕಪಾ, ನಿನ್ನ ಉದ್ದನ್ನ ಬಾಲಾ ಹಾಕು.”

ಬಾಲ ಹಾಕಿ ಆಗಿದೆ. ಒಂದೂವರೆ ಇಂಚಿನದು. ಅಚ್ಚಿನ ಮೇಲಿಂದ ಬಾಗಿ, ಕಲ್ಲಿಗೆ ತಾಗದಷ್ಟು ಎತ್ತರದಲ್ಲಿ ಹಾದು, ಬಂಪರಿನಿಂದ ಮೂರು ಬೆರಳು ಹೊರಗೆ ಬಂದಿದೆ. ಊದುಬತ್ತಿಯ ವಾಸನೆ ಒಳಹೊಕ್ಕಿದ್ದ, ಸೀಟಿನ ಕೆಳಗಿನ ತೂತಿಗೆ ತಗಡಿನ ತೇಪೆ. ಚನ್ನಯ್ಯನವರು ಗೋಣಿಯ ಮೇಲೆ ಮಂಡಿಯೂರಿ, ನೀರಿನ ಬಕೆಟ್ಟಿನಿಂದ ಹಾಳೆ ತೆಗೆಯುತ್ತಿದ್ದಾರೆ. ನನ್ನನ್ನು ಕಂಡು ಅವರ ಕಣ್ಣು ಮೊದಲು ಹೋಗುವುದು ನನ್ನ ಕೈಯ ಕಡೆಗೆ. ಬರಿಗೈ.

“ಇಟ್ಕೊಂಡ್ಲೇನು?”

ಹೌದು ಎನ್ನುತ್ತೇನೆ. ಬರೆಯಲು ಹೇಳಿದ್ದನ್ನು ಹೇಳುತ್ತೇನೆ. ಮೊಳದ ಮಾತು ಹೇಳಲಾಗುವುದಿಲ್ಲ. ಅದನ್ನು ಅವರು ಈ ಬರಹದಲ್ಲೇ ಓದಬೇಕು. ಮಗ್ಗಲು ತಿರುಗಿ ಮಲಗದ ವಿಷಯ ಮಾತ್ರ ಹೇಗೋ ಬಾಯಿಗೆ ಬಂದುಬಿಡುತ್ತದೆ.

ಅವರು ಬಕೆಟ್ಟಿನ ನೀರು ನೋಡುತ್ತ ಕೂರುತ್ತಾರೆ. ಗೋಡೆಯ ಮೇಲೆ ಆ ಮೊಳೆ ಬರಿದಾಗಿದೆ, ಅದರ ಕೆಳಗೆ ತುಕ್ಕಿನ ಉದ್ದ ಗುರುತು.

“ಇನ್ನ ಮ್ಯಾಲಾದ್ರೂ ಆಕೀ ಮಗ್ಗಲಾಗಿ ಮಕ್ಕೊಳ್ಳಿ,” ಎನ್ನುತ್ತಾರೆ. “ಅಷ್ಟ ಆದ್ರ ಸಾಕು.”

“ಸುರು ಮಾಡಲೇನೋ?” ಎಂದು ಶಿವಲಿಂಗಪ್ಪ ಕೂಗುತ್ತಾನೆ. ಎಂಜಿನ್ ಓಡತೊಡಗುತ್ತದೆ. ಚನ್ನಯ್ಯನವರು ಕೊಳವೆಯ ಬಾಯಿಗೆ ಹಾಳೆ ಒತ್ತಿ, ಕತ್ತನ್ನು ಎಡಕ್ಕೆ ವಾಲಿಸುತ್ತಾರೆ. ಎಂಜಿನ್ ಒಮ್ಮೆ ನಡುಗುತ್ತದೆ, ಮತ್ತೊಮ್ಮೆ ನಡುಗುತ್ತದೆ, ನಿಲ್ಲುತ್ತದೆ. ಅವರು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿರುತ್ತಾರೆ.

“ಸತ್ತಿತು,” ಎಂದು ಹಾಳೆ ತೆಗೆಯುತ್ತಾರೆ. “ಇನ್ನ ಮಂದೀನ ಕೂಡಿಸ್ಕೊಂಡ ಹೋಗು.”